ಕುಲುಕಬಾರದ್ದು

ಷೂಸಿನ ಲೇಸಿಗೆ ಎರಡನೇ ಗಂಟು ಹಾಕುತ್ತಿರುವಾಗ ಒಳಕೋಣೆಯಿಂದ ಗಂಡನ ದನಿ ಬಂತು. "ಹೇಗೂ ಓಡ್ತೀಯಲ್ಲ, ಆ ಬೀಗದ ಕೈ ಅಕ್ಕನ ಮನೇಲಿ ಕೊಟ್ಟು ಹೋಗು." ಹೊದಿಕೆಯೊಳಗಿನಿಂದ ಬಂದ ದನಿ, ಮುಖವಿಲ್ಲ, ಕೈಯಿಲ್ಲ, ಬರೀ ಅಪ್ಪಣೆ. ಅವಳು ಮಾತಾಡಲಿಲ್ಲ. ಮಾತಾಡದಿದ್ದರೆ ಹೂಂ ಎಂದ ಹಾಗೆ ಎಂಬುದು ಈ ಮನೆಯಲ್ಲಿ ಎಂದೋ ತೀರ್ಮಾನವಾಗಿಹೋಗಿತ್ತು. ಮೇಜಿನ ಮೇಲೆ ಬೀಗದ ಕೈ ಒಂದೇ ಇರಲಿಲ್ಲ, ಪಕ್ಕದಲ್ಲಿ ಅತ್ತೆಯ ಮಾತ್ರೆಯ ಖಾಲಿ ಹಾಳೆಯೂ ಇತ್ತು. ಸಂಜೆ ಬರುವಾಗ ಇದನ್ನೇ ತರಬೇಕು ಎಂಬುದಕ್ಕೆ ಗುರುತು. ರಾತ್ರಿ ಮಲಗುವ ಮುಂಚೆ ಅತ್ತೆ ಅದನ್ನು ಅಲ್ಲಿಡುವುದನ್ನು ಅವಳು ಕಣ್ಣಾರೆ ಕಂಡಿದ್ದಳು, ಕಂಡೂ ಕಾಣದವಳಂತೆ ದೀಪ ಆರಿಸಿದ್ದಳು. ಇವತ್ತೊಂದು ದಿನ ಬೇಡ, ಇವತ್ತೊಂದೇ ಒಂದು ದಿನ ನನ್ನನ್ನು ನನ್ನ ಪಾಡಿಗೆ ಬಿಡಿ ಎಂದು ಮನೆ ಹಾರಿಹೋಗುವಂತೆ ಕೂಗಬೇಕೆನಿಸಿತು. ಕೂಗಲಿಲ್ಲ. ಎರಡನ್ನೂ ಜೇಬಿಗೆ ತುರುಕಿಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಬಿದ್ದಳು. ಮಲಗಿದವರ ನಿದ್ದೆ ಕೆಡಬಾರದಲ್ಲ, ಪಾಪ.

ಇವತ್ತಿನ ಓಟ ಉಳಿದ ದಿನಗಳ ಓಟದಂತಲ್ಲ. ಮುಂದಿನ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ದೊಡ್ಡ ಓಟದ ಸ್ಪರ್ಧೆ. ಅದಕ್ಕೆ ಮುಂಚಿನ ಕೊನೆಯ ಉದ್ದದ ಓಟ ಇವತ್ತು. ಆಮೇಲೆ ಕಾಲುಗಳನ್ನು ಸುಮ್ಮನೆ ಬಿಡಬೇಕು, ಬಾಕಿ ಉಳಿದದ್ದನ್ನು ತೀರಿಸಿಕೊಳ್ಳಲು ಸಮಯವಿಲ್ಲ. ಕೆರೆ ಏರಿಯ ಆ ತುದಿಯವರೆಗೆ ಹೋಗಿ ಎಲ್ಲೂ ನಿಲ್ಲದೆ ವಾಪಸು ಬಂದರೆ ದೊಡ್ಡ ಓಟಕ್ಕೆ ಹೋಗುವುದು, ಇಲ್ಲದಿದ್ದರೆ ಹೋಗುವುದೇ ಇಲ್ಲ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು. ಯಾರೂ ಹೇಳದೆ, ಯಾರ ಉಪಯೋಗಕ್ಕೂ ಅಲ್ಲದೆ, ತನಗೆ ಬೇಕು ಅಂತ ಹಿಡಿದ ಒಂದು ಕೆಲಸವನ್ನೂ ಅವಳು ಈವರೆಗೆ ಮುಗಿಸಿದವಳಲ್ಲ. ಈಜು ಕಲಿಯಲು ಹೋದಾಗ ಅತ್ತೆ ಜಾರಿಬಿದ್ದರು. ಸಂಜೆ ಕಾಲೇಜಿಗೆ ಸೇರಿದಾಗ ಗಂಡನ ಡ್ರೈವಿಂಗ್ ಶಾಲೆಗೆ ಹೊಸ ಕಾರು ಬಂತು, ಹೊಸ ವೇಳೆ ಬಂತು, ಅವನ ಊಟದ ಹೊತ್ತು ಅವಳ ತರಗತಿಯ ಹೊತ್ತಿಗೆ ಸರಿಯಾಗಿ ಬಂದು ಕೂತಿತು. ಯಾರೂ ಬಿಡು ಅನ್ನಲಿಲ್ಲ. ಅದೇ ಅವಳ ಹೊಟ್ಟೆ ಉರಿಸುತ್ತಿದ್ದದ್ದು. ಬಿಡು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. "ನಿನ್ನಿಷ್ಟಮ್ಮ" ಅನ್ನುತ್ತಿದ್ದರು, ತಾನಾಗಿಯೇ ಬಿಡುತ್ತಿದ್ದಳು.

ಓಟವನ್ನು ಮಾತ್ರ ಬಿಟ್ಟಿರಲಿಲ್ಲ. ಬಿಡಿಸಲು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಎಲ್ಲರೂ ಸೇರಿ ಅದಕ್ಕೊಂದು ಉಪಯೋಗ ಹುಡುಕಿದ್ದರು. ಹೇಗೂ ಓಡ್ತೀಯಲ್ಲ, ಹಾಲು ತಾ. ಹೇಗೂ ಓಡ್ತೀಯಲ್ಲ, ಒಗೆದ ಬಟ್ಟೆ ಇಸ್ತ್ರಿಗೆ ಹಾಕಿ ಬಾ. ಒಂದು ಸಲ ಕೊಡೆ ರಿಪೇರಿಗೆ ಕೊಟ್ಟು, ರಿಪೇರಿಯಾದ ಇನ್ನೊಂದು ಕೊಡೆ ಹಿಡಿದುಕೊಂಡು ಓಡಿದ್ದಳು. ಬಸ್ ನಿಲ್ದಾಣದಲ್ಲಿ ನಿಂತವನೊಬ್ಬ "ಮಳೆ ಅಟ್ಟಿಸ್ಕೊಂಡ್ ಬರ್ತಿದ್ಯಾ ಮೇಡಂ?" ಎಂದಿದ್ದ, ನಿಲ್ದಾಣವೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು, ಥೂ. ಗಂಡನ ಅಕ್ಕನ ಮನೆ ಬಂತು. ಬೀಗದ ಕೈಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಓಡಿಬಿಡೋಣ ಅಂದುಕೊಂಡರೆ ಪುಣ್ಯಾತ್ಗಿತ್ತಿ ಹಲ್ಲುಜ್ಜುತ್ತ ಬಾಗಿಲಲ್ಲೇ ನಿಂತಿದ್ದಳು. "ಅಯ್ಯೋ, ಇಷ್ಟು ಬೇಗ ಓಟಕ್ಕೆ ಹೊರಟ್ಯೇನೇ. ನಿನಗೆ ಪುಣ್ಯ ಇದೆ ಬಿಡು, ನಮಗೆಲ್ಲಿ ಪುರುಸೊತ್ತು!" ಎಂದಳು ಬಾಯಿತುಂಬ ನೊರೆ ಇಟ್ಟುಕೊಂಡು. ಪುರುಸೊತ್ತು! ಅವಳಿಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು, "ಬರ್ತೀನಕ್ಕ" ಎಂದಳು.

ಮೂಲೆ ತಿರುಗುವ ಮುಂಚೆಯೇ ಫೋನು. ಲ್ಯಾಬಿನ ಮ್ಯಾನೇಜರ್. ಅವಳು ಆ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಸಾಲಾಗಿ ಕೂರುವವರ ತೋಳಿಗೆ ಸೂಜಿ ಚುಚ್ಚುವುದು ಅವಳ ಕೆಲಸ. ಅವಳ ಕೈ ಮೆತ್ತಗೆ, ನರ ಸಿಗದವರಿಗೂ ಒಂದೇ ಸಲಕ್ಕೆ ಸಿಗುತ್ತದೆ, ಅದಕ್ಕೇ ಅಲ್ಲಿ ಅವಳು ಎಲ್ಲರ ಬಾಯಲ್ಲೂ ಸೂಜಿಯಕ್ಕ. ವಾರಕ್ಕೊಮ್ಮೆ ಮೇಷ್ಟ್ರ ಮನೆಯಿಂದ ರಕ್ತ ತರುವುದೂ ಅವಳ ತಲೆಗೇ ಬಿದ್ದಿತ್ತು. ನಿವೃತ್ತ ಗಣಿತದ ಮೇಷ್ಟ್ರು, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಹೃದಯ ಸರಿಯಿಲ್ಲ. ಕೆಳಗಿಳಿದರೆ ಮೇಲೆ ಹತ್ತಲಾರರು. ಓಟ ಮುಗಿಸಿ ಕೊನೆಯಲ್ಲಿ ಅವರ ಮನೆಗೆ ಹೋಗುವಳು, ರಕ್ತ ತೆಗೆದು ಅಲ್ಲಿಂದ ಲ್ಯಾಬಿಗೆ ನಡೆದೇ ಹೋಗುವಳು. ರಕ್ತವನ್ನು ಕುಲುಕಬಾರದು. ಕುಲುಕಿದರೆ ಒಳಗೆ ಒಡೆದುಹೋಗುತ್ತದೆ, ಫಲಿತಾಂಶ ಎಲ್ಲ ಸುಳ್ಳು. ಮ್ಯಾನೇಜರ್‌ಗೂ ಅದು ಗೊತ್ತಿರಬೇಕಾದದ್ದೇ. "ಅಕ್ಕ, ಇವತ್ತು ಮೇಷ್ಟ್ರ ಸ್ಯಾಂಪಲ್ ಮೊದಲು ತಂದ್ಬಿಡಿ, ಡಾಕ್ಟರು ಬೇಗ ರಿಪೋರ್ಟ್ ಕೇಳ್ತಿದ್ದಾರೆ, ಮಾತ್ರೆ ಬದಲಾಯಿಸ್ಬೇಕಂತೆ" ಎಂದ. "ಸರ್, ಇವತ್ತು ನನಗೆ ಉದ್ದದ ಓಟ ಇದೆ. ನಿಮಗೆ ಹೇಳಿದ್ನಲ್ಲ." "ಅದೇ ಅಕ್ಕ, ಹೇಗೂ ಓಡ್ತಿದ್ದೀರಲ್ಲ!" ಎಂದು ನಕ್ಕು ಇಟ್ಟುಬಿಟ್ಟ.

ಮೇಷ್ಟ್ರ ಮನೆಯ ಮೆಟ್ಟಿಲು ಹತ್ತುವಾಗ ಕಾಲು ಇನ್ನೂ ಬಿಸಿಯಾಗಿರಲಿಲ್ಲ. ಅವರ ಮಗಳು ಬಾಗಿಲು ತೆಗೆದಳು, ರಾತ್ರಿಯ ಜಡೆ ಇನ್ನೂ ಬಿಚ್ಚಿರಲಿಲ್ಲ. ಮೇಷ್ಟ್ರು ಕುರ್ಚಿಯಲ್ಲಿ ಶರ್ಟಿನ ತೋಳು ಮಡಚಿಕೊಂಡೇ ಕೂತಿದ್ದರು, ಪರೀಕ್ಷೆಗೆ ಬಂದ ವಿದ್ಯಾರ್ಥಿಯ ಹಾಗೆ. "ಬಾಮ್ಮ. ಇವತ್ತು ಬೇಗ?" "ಹೂಂ ಸರ್." ಎಡತೋಳಿನಲ್ಲಿ ಹೋದ ವಾರದ ಕಲೆ ಹಳದಿಗೆ ತಿರುಗಿತ್ತು, ಹಸಿರು ಅಂಚು. ಸೊಂಟಕ್ಕೆ ಕಟ್ಟಿಕೊಂಡಿದ್ದ ಚೀಲದಿಂದ ಸೂಜಿ, ಟ್ಯೂಬು ತೆಗೆದಿಟ್ಟು, ರಬ್ಬರ್ ಪಟ್ಟಿ ಕಟ್ಟಿ ಬೆರಳಾಡಿಸಿದಳು. ಅವರ ನರ ಬೆರಳಿನ ಕೆಳಗೆ ಜಾರಿಕೊಳ್ಳುತ್ತದೆ, ಹಿಡಿದು ನಿಲ್ಲಿಸಬೇಕು. ಮೊದಲನೇ ಸಲ ಸಿಗಲಿಲ್ಲ. ಅವಳಿಗೆ ಮೊದಲನೇ ಸಲ ಸಿಗದಿರುವುದು ಎಂದರೇನು! ಸಿಟ್ಟಿನ ಕೈಗೆ ನರ ಸಿಗುವುದಿಲ್ಲ. ಉಸಿರು ಬಿಗಿಹಿಡಿದು, ಬಲತೋಳಿಗೆ ಬಂದು, ಎರಡನೆಯದಕ್ಕೆ ಹಿಡಿದಳು. ಮೇಷ್ಟ್ರು ಹುಬ್ಬು ಕೂಡ ಅಲುಗಿಸಲಿಲ್ಲ. "ಪರವಾಗಿಲ್ಲ, ಪರವಾಗಿಲ್ಲ. ನಿನ್ನ ಕೈ ಚಂದ" ಎಂದರು. ರಕ್ತ ತಡೆತಡೆದು ಟ್ಯೂಬಿಗೆ ಇಳಿಯಿತು, ಕಪ್ಪಗೆ.

ಕೆಳಗಿಳಿದು ಬಂದರೆ ಬಲಕ್ಕೆ ಲ್ಯಾಬಿನ ರಸ್ತೆ, ಎಡಕ್ಕೆ ಕೆರೆಯ ರಸ್ತೆ. ಬಲಕ್ಕೆ ತಿರುಗಿ ಮೆಲ್ಲಗೆ ನಡೆದು ಲ್ಯಾಬಿಗೆ ಕೊಟ್ಟರೆ ಕೆಲಸಕ್ಕೆ ಮುಂಚೆ ಕೆರೆ ಏರಿ ಮುಟ್ಟಿ ಬರುವಷ್ಟು ಹೊತ್ತು ಉಳಿಯುವುದಿಲ್ಲ, ಓಟ ಅಲ್ಲಿಗೆ ಮುಗಿಯಿತು. ಟ್ಯೂಬು ಅವಳ ಸೊಂಟದ ಪಟ್ಟಿಯ ಚೀಲದಲ್ಲಿತ್ತು. ಈ ಪಟ್ಟಿ ಕೊಟ್ಟವರೂ ಲ್ಯಾಬಿನವರೇ. ವರ್ಷದ ಕೊನೆಯ ಸಭೆಯಲ್ಲಿ, ಎಲ್ಲರಿಗೂ ಗೋಡೆ ಗಡಿಯಾರ, ಅವಳಿಗೆ ಮಾತ್ರ ಇದು. "ನಮ್ಮ ಓಡೋ ಅಕ್ಕನಿಗೆ ಸ್ಪೆಷಲ್" ಎಂದು ಮ್ಯಾನೇಜರ್ ಮೈಕಿನಲ್ಲಿ ಹೇಳಿದ, ಚಪ್ಪಾಳೆ ಬಿತ್ತು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು, ಮುಖ ಕೆಂಪಾಯಿತು, ನಾಲ್ಕು ಜನರ ಮುಂದೆ ತನ್ನ ಓಟಕ್ಕೊಂದು ಹೆಸರು ಬಂತಲ್ಲ ಅಂತ ಕಣ್ಣಲ್ಲಿ ನೀರು ಬೇರೆ. ಮನೆಗೆ ಬಂದು ಕನ್ನಡಿಯ ಮುಂದೆ ಕಟ್ಟಿ ನೋಡಿಕೊಂಡಳು. ಆಮೇಲಲ್ಲವೇ ತಿಳಿದದ್ದು, ಕೊಟ್ಟದ್ದು ಪಟ್ಟಿಯಲ್ಲ, ಹೊರೆ ಎಂದು. ಕತ್ತೆಗೆ ತಡಿ ಹೊದಿಸಿದ ಹಾಗೆ. ಆ ಸಂಜೆಯ ತನ್ನ ಮುಖ ನೆನಪಾದಾಗಲೆಲ್ಲ ಅವಳಿಗೆ ಮ್ಯಾನೇಜರ್‌ಗಿಂತ ತನ್ನ ಮೇಲೇ ಮೈ ಉರಿಯುತ್ತಿತ್ತು. ಎಡಕ್ಕೆ ತಿರುಗಿದಳು.

ಮೊದಲು ಚೀಲವನ್ನು ಅಂಗೈಯಿಂದ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಓಡಿದಳು, ಬಸುರಿ ಹೆಂಗಸು ಬಸ್ಸಿಗೆ ಓಡುವಂತೆ. ಹೀಗೆ ಹಿಡಿದರೆ ಅಷ್ಟೇನೂ ಕುಲುಕುವುದಿಲ್ಲ ಎಂದು ಸ್ವಲ್ಪ ದೂರ ತನಗೇ ಸುಳ್ಳು ಹೇಳಿಕೊಂಡಳು. ಹಾಗೆ ಓಡಿದರೆ ಓಟವಾಗುವುದಿಲ್ಲ, ತೋಳು ಬೀಸಲೇಬೇಕು. ಕೆರೆಯ ರಸ್ತೆಗೆ ಬಂದ ಮೇಲೆ ಕೈ ಬಿಟ್ಟಳು. ಚೀಲ ಸೊಂಟಕ್ಕೆ ಟಪ ಟಪ ಬಡಿಯಿತು. ಬಡಿಯಲಿ. ನಿಮಗೆಲ್ಲ ಹೇಗೂ ಓಡುವವಳು ಬೇಕಲ್ಲವೇ, ತಗೊಳ್ಳಿ, ಓಡುತ್ತಿದ್ದೇನೆ. ಗಂಡನ ಹೊದಿಕೆಯ ಮೇಲೆ ಕಾಲಿಟ್ಟು ಓಡಿದಳು, ಅವನ ಅಕ್ಕನ ನೊರೆಯ ಮೇಲೆ, ಮೈಕಿನ ಮೇಲೆ, ಬಸ್ ನಿಲ್ದಾಣದ ನಗೆಯ ಮೇಲೆ. ಇಷ್ಟು ದಿನ ಎಲ್ಲಿ ಅಡಗಿತ್ತೋ ಈ ಕಾಲು! ಏರಿಯ ಮೇಲಿನ ಗಾಳಿ ಎದೆಗೆ ತಣ್ಣಗೆ ನುಗ್ಗಿತು. ಪ್ರತಿ ಸಲ ಮೊಣಕಾಲು ಕಿರುಗುಟ್ಟುತ್ತಿದ್ದ ಕಡೆ ಇವತ್ತು ಕಿರುಗುಟ್ಟಲಿಲ್ಲ. ಈಜು ಕಲಿಸುತ್ತಿದ್ದಾಕೆ ಹೇಳಿದ್ದಳು, ನೀರನ್ನು ಬಯ್ಯಬೇಡಿ, ನೀರು ನಿಮಗೇನೂ ಮಾಡಿಲ್ಲ. ನೀರಲ್ಲಿ ಅವಳು ಅಳುತ್ತಿದ್ದಳು, ಯಾರಿಗೂ ಕಾಣುತ್ತಿರಲಿಲ್ಲ, ಅದಕ್ಕೇ ಇಷ್ಟವಾಗುತ್ತಿತ್ತು. ಏರಿಯ ತುದಿಯ ಕಲ್ಲುಕಂಬವನ್ನು ಅಂಗೈಯಿಂದ ಬಡಿದು ತಿರುಗಿದಳು. ನಡುವೆ ಎಲ್ಲೋ ಒಮ್ಮೆ ಮೇಷ್ಟ್ರ ಮಡಚಿದ ತೋಳು ಕಣ್ಣಮುಂದೆ ಬಂತು. ವೇಗ ಹೆಚ್ಚಿಸಿದಳು, ಅದು ಹಿಂದೆ ಬಿತ್ತು. ನಿಲ್ಲಲಿಲ್ಲ. ಎಲ್ಲೂ ನಿಲ್ಲಲಿಲ್ಲ. ಲ್ಯಾಬಿನ ಹಿಂಬಾಗಿಲಿಗೆ ಬಂದು ಗೋಡೆಗೆ ಒರಗಿದಾಗ ತೊಡೆ ನಡುಗುತ್ತಿತ್ತು, ಬಾಯಿ ಒಣಗಿತ್ತು, ಅವಳಿಗೆ ನಗು ಬರುತ್ತಿತ್ತು. ಮುಗಿಸಿದ್ದಳು.

ಟ್ಯೂಬನ್ನು ಒಳಗೆ ಕೊಟ್ಟು, ಸಿಬ್ಬಂದಿಯ ಬಚ್ಚಲಲ್ಲಿ ಮೈ ತೊಳೆದು, ಕಪಾಟಿನಲ್ಲಿಟ್ಟಿದ್ದ ಬಟ್ಟೆ ಹಾಕಿಕೊಂಡು ಬರುವಷ್ಟರಲ್ಲಿ ಕನ್ನಡಕದವನು ಅದನ್ನು ತಿರುಗುವ ಯಂತ್ರಕ್ಕೆ ಹಾಕಿ ತೆಗೆದಿದ್ದ. ಕನ್ನಡಕದವನು ಎಂದರೆ ಒಳಗಿನ ಟೆಕ್ನಿಷಿಯನ್, ದಪ್ಪ ಗಾಜಿನ ಹಿಂದೆ ಯಾವಾಗಲೂ ಆಶ್ಚರ್ಯಪಟ್ಟಂತೆ ಕಾಣುವ ಕಣ್ಣಿನವನು. ಟ್ಯೂಬನ್ನು ಬೆಳಕಿಗೆ ಹಿಡಿದಿದ್ದ. ಮೇಲೆ ನಿಲ್ಲುವ ತಿಳಿ ತೆಳು ಹಳದಿ ಇರಬೇಕು. ಕೆಂಪಗಿತ್ತು, ಬೀಟ್‌ರೂಟ್ ಬೇಯಿಸಿದ ಪಾತ್ರೆ ತೊಳೆದ ನೀರಿನಂತೆ. "ಒಡೆದುಹೋಗಿದೆ ಸೂಜಿಯಕ್ಕ. ನರ ಸಿಗದೆ ಎಳೆದಾಡಿ ತೆಗೆದ್ರೆ ಹೀಗೇ ಆಗೋದು, ಸಿಗ್ಲಿಲ್ವಾ?" ಎಂದ. ಅವಳಿಗೆ ಗೊತ್ತಿದ್ದದ್ದೇ. "ಅವರ ನರ ನಿಮಗೆ ಗೊತ್ತಲ್ಲ" ಎಂದಳು. ಸುಳ್ಳೂ ಅಲ್ಲ, ನೋಡಿ. ಎರಡು ಸಲ ಚುಚ್ಚಿದ್ದು ನಿಜ. ಅಷ್ಟರಲ್ಲಿ ಮ್ಯಾನೇಜರ್ ಬಂದ, ಟ್ಯೂಬು ನೋಡಿ ತಲೆ ಕೊಡವಿದ. "ಏನ್ ಗೋಳಪ್ಪ ಈ ಮೇಷ್ಟ್ರದ್ದು. ಇನ್ಮೇಲೆ ಅವರ ಮನೆ ಕೆಲಸ ಬೇಡ, ನರ ಇಲ್ದೋರನ್ನ ಆಸ್ಪತ್ರೆಯವರೇ ನೋಡ್ಕೊಳ್ಲಿ. ಇವತ್ತೊಂದು ಸಲ ಹೋಗಿ ಇನ್ನೊಂದು ಸ್ಯಾಂಪಲ್ ತಂದ್ಬಿಡಿ ಅಕ್ಕ, ಹಾಗೇ ಅವರ ಮಗಳಿಗೆ ವಿಷಯ ಹೇಳ್ಬಿಡಿ. ನಿಮಗೂ ಬೆಳಿಗ್ಗೆ ಬೆಳಿಗ್ಗೆ ಒಂದು ಕಾಟ ತಪ್ಪುತ್ತೆ" ಎಂದ.

ಕಾಟ ತಪ್ಪುತ್ತದೆ. ಖಾಲಿ ಹೊಟ್ಟೆಯವರ ಸಾಲು ಅರ್ಧ ಕರಗುವವರೆಗೂ ಅವಳು ಅದನ್ನೇ ಬಾಯೊಳಗೆ ಆಡಿಸುತ್ತಿದ್ದಳು. ಕೈ ಚಾಚಿ, ಮುಷ್ಟಿ ಬಿಗಿ, ಆಯ್ತು, ಇಲ್ಲಿ ಒತ್ತಿಹಿಡಿ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ವಾರಕ್ಕೊಂದು ಬೆಳಗು ಇಡಿಯಾಗಿ ತನ್ನದು. ಕೇಳದೆಯೇ, ಜಗಳವಾಡದೆಯೇ ಸಿಗುತ್ತಿದೆ. ಇಷ್ಟು ವರ್ಷ ಎಲ್ಲರೂ ತನ್ನ ಬೆಳಗಿನಿಂದ ಚೂರು ಚೂರು ಕಿತ್ತುಕೊಂಡು ಹೋದರಲ್ಲ, ಯಾರಿಗಾದರೂ ಎದೆ ಚುಚ್ಚಿತೇ? ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತುಕೊಂಡು ಇಳಿಸಿದರಾಯಿತು. ವಾರವಾರವೂ. ನಾಲ್ಕು ಮಹಡಿ. ಮೆಟ್ಟಿಲಿನ ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಗೋಡೆಗೊಂದು ನೀರಿನ ಪೈಪು ಅಡ್ಡ ಇದೆ. ಅದು ನನ್ನ ತಲೆನೋವೇ? ಎದುರು ಕೂತಿದ್ದ ಹೆಂಗಸು "ಹಾ!" ಎಂದು ಕೈ ಎಳೆದುಕೊಂಡಳು. "ಸೂಜಿಯಕ್ಕನ ಕೈ ಅಂತ ಕಾದು ಕೂತೆ, ಹೀಗಾ ಚುಚ್ಚೋದು?" ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದಳು. ಅವಳು ಹತ್ತಿ ಒತ್ತಿ ಹಿಡಿದಳು.

ಮೆಟ್ಟಿಲು ಹತ್ತುವಾಗ ಈ ಸಲ ತೊಡೆಗಳು ಕಲ್ಲಾಗಿದ್ದವು. ಮೇಷ್ಟ್ರ ಮಗಳಿಗೆ ಮ್ಯಾನೇಜರ್ ಆಗಲೇ ಫೋನ್ ಮಾಡಿಬಿಟ್ಟಿದ್ದ. ಆಕೆ ಬಾಗಿಲಲ್ಲೇ ತಡೆದು ಪಿಸುದನಿಯಲ್ಲಿ "ಹೇಗಕ್ಕ ಇಳಿಸೋದು ಅಪ್ಪನ್ನ? ನಾನೊಬ್ಬಳೇ. ನೀವಾದ್ರೂ ಮ್ಯಾನೇಜರ್‌ಗೆ ಒಂದು ಮಾತು ಹೇಳಿ ನೋಡಿ" ಎಂದಳು. ಕಣ್ಣು ಕೆಂಪಗಿದ್ದವು. ಇವಳಿಗೆ ಕನಿಕರ ಬರಬೇಕಿತ್ತು, ಬಂದದ್ದು ಸಿಟ್ಟು. ಎಲ್ಲರಿಗೂ ನಾನೇ ಬೇಕು. ಒಳಗೆ ಮೇಷ್ಟ್ರು ಅದೇ ಕುರ್ಚಿಯಲ್ಲಿ ಕೂತಿದ್ದರು, ಇನ್ನೂ ಏನೂ ತಿಂದಿರಲಿಲ್ಲ, ತುಟಿ ಬಿಳಿಚಿತ್ತು. ಎರಡೂ ತೋಳುಗಳಿಗೆ ಹತ್ತಿ ಅಂಟಿಸಿಕೊಂಡೇ ಇದ್ದರು. ಅವಳನ್ನು ಕಂಡವರೇ ಎದ್ದು ನಿಲ್ಲಲು ನೋಡಿ, ಆಗದೆ, ಅಲ್ಲೇ ಕೈಮುಗಿದರು. "ನಿನಗೆ ತೊಂದರೆ ಕೊಟ್ಟೆನಮ್ಮ. ನನ್ನ ರಕ್ತಾನೇ ಕೆಟ್ಟುಹೋಗಿದೆಯಂತೆ. ನರಾನೂ ಸರಿಯಿಲ್ಲ. ಎರಡೆರಡು ಸಲ ಓಡಾಡೋ ಹಾಗಾಯ್ತು ನೀನು..."

"ನಿಮ್ಮ ನರ ಏನೂ ಆಗಿಲ್ಲ!" ಎಂದಳು ಅವಳು. ಅದು ಮಾತಾಗಿರಲಿಲ್ಲ, ಕಿರುಚಾಟವಾಗಿತ್ತು. "ರಕ್ತಾನೂ ಕೆಟ್ಟಿಲ್ಲ! ನಾನು ಓಡಿದೆ. ನಿಮ್ಮ ರಕ್ತ ಇಟ್ಕೊಂಡು ಕೆರೆ ಏರಿ ತುದಿವರೆಗೂ ಓಡಿದೆ, ಗೊತ್ತಿದ್ದೂ ಓಡಿದೆ, ಕುಲುಕಿದ್ರೆ ಒಡೆಯುತ್ತೆ ಅಂತ ನನಗೆ ಗೊತ್ತಿತ್ತು. ಯಾಕೆ ಕೈಮುಗೀತೀರಿ ನೀವು? ಯಾಕೆ ಎಲ್ಲದಕ್ಕೂ ಪರವಾಗಿಲ್ಲ ಪರವಾಗಿಲ್ಲ ಅಂತೀರಿ?" ಮಗಳು ಅಡುಗೆಮನೆಯಿಂದ ಓಡಿಬಂದು ಬಾಗಿಲಲ್ಲಿ ನಿಂತಳು. ಗಂಡನ ಎದುರು ಬರದ ದನಿ, ಮ್ಯಾನೇಜರ್‌ನ ಎದುರು ಗಂಟಲಲ್ಲೇ ಸಾಯುವ ದನಿ, ಎದ್ದು ನಿಲ್ಲಲಾರದ ಮುದುಕನ ಮುಂದೆ ಎಷ್ಟು ಸಲೀಸಾಗಿ ಬಂದಿತ್ತು. ಅದು ಅವಳ ಕಿವಿಗೇ ಬಿತ್ತು.

ಮೇಷ್ಟ್ರು ಮುಗಿದಿದ್ದ ಕೈ ಬಿಡಿಸಿ ತೊಡೆಯ ಮೇಲಿಟ್ಟುಕೊಂಡರು. ತರಗತಿಯಲ್ಲಿ ತಪ್ಪು ಲೆಕ್ಕ ಮಾಡಿದವರನ್ನು ನೋಡುವಂತೆ ನೋಡಿದರು; ಅದರಲ್ಲಿ ಮೃದುವಾದದ್ದು ಏನೂ ಇರಲಿಲ್ಲ. "ಸಿಟ್ಟು ನನ್ನ ಮೇಲಾ?" ಎಂದರು. "ಅಲ್ಲ ಸರ್." "ಮತ್ತೆ ಯಾರ ಮೇಲೆ?" ಅವಳು ಬಾಯಿ ತೆರೆದಳು, ಹೆಸರುಗಳೆಲ್ಲ ಒಟ್ಟಿಗೇ ಬಂದು ಸಿಕ್ಕಿಕೊಂಡವು. "ಯಾರ ಮೇಲಿದೆಯೋ ಅವರಿಗೆ ಹೋಗಿ ಹೇಳಮ್ಮ" ಎಂದರು ಮೇಷ್ಟ್ರು. "ನಂಗಿರೋದು ಎರಡೇ ತೋಳು." ಹಾಗೆಂದು ಎಡಗೈಯ ಹಿಂಬದಿಯನ್ನು ಅವಳ ಮುಂದೆ ಚಾಚಿದರು, ತೋಳಿನಲ್ಲಿ ಜಾಗವಿರಲಿಲ್ಲವಾದ್ದರಿಂದ. ಅವಳು ಮಂಡಿಯೂರಿ ಕೂತಳು. ಕೈಯ ಚರ್ಮ ಹಳೆಯ ಕಾಗದದಷ್ಟು ತೆಳು. ಸಣ್ಣ ಸೂಜಿ ಆರಿಸಿ, ಬೆರಳಿನಿಂದ ನರವನ್ನು ಹಿಡಿದು ನಿಲ್ಲಿಸಿ, ಒಂದೇ ಸಲಕ್ಕೆ ಒಳಗಿಟ್ಟಳು. "ನೋವಾಯ್ತಾ ಸರ್?" "ಆಯ್ತು" ಎಂದರು ಮೇಷ್ಟ್ರು. ಇಷ್ಟು ತಿಂಗಳಲ್ಲಿ ಅವರು ಹಾಗೆ ಹೇಳಿದ್ದು ಇದೇ ಮೊದಲು.

ಲ್ಯಾಬಿಗೆ ನಡೆದೇ ಹೋದಳು, ಟ್ಯೂಬನ್ನು ಅಂಗೈಯಲ್ಲಿ ನೆಟ್ಟಗೆ ಹಿಡಿದುಕೊಂಡು. ಹಿಂದಿನಿಂದ ಬಂದವರೆಲ್ಲ ಅವಳನ್ನು ದಾಟಿಕೊಂಡು ಹೋದರು. ಕನ್ನಡಕದವನಿಗೆ ಟ್ಯೂಬು ಕೊಟ್ಟು, ತಿರುಗಿಸಿ ತೆಗೆಯುವವರೆಗೂ ಅಲ್ಲೇ ನಿಂತಿದ್ದಳು. ತಿಳಿ ಹಳದಿಯಾಗಿತ್ತು. ಆಮೇಲೆ ಮ್ಯಾನೇಜರ್‌ನ ಕೋಣೆಗೆ ಹೋದಳು, ಬಾಗಿಲು ತಟ್ಟದೆ. ಅವನು ಫೋನಿನಲ್ಲಿದ್ದ, ಕೂತ್ಕೊಳ್ಳಿ ಎಂದು ಸನ್ನೆ ಮಾಡಿದ. ಅವಳು ಕೂರಲಿಲ್ಲ.

"ಮೇಷ್ಟ್ರ ನರ ಸರಿಯಾಗೇ ಇದೆ ಸರ್. ಬೆಳಗಿನ ಸ್ಯಾಂಪಲ್ ಹಾಳುಮಾಡಿದ್ದು ನಾನು. ಅದನ್ನ ಇಟ್ಕೊಂಡು ಓಡಿದೆ." ಅವನು ಫೋನ್ ಕೆಳಗಿಟ್ಟ. ಅವನ ಮುಖದಲ್ಲಿ ಮೊದಲು ನಗು ಬಂತು, ತಮಾಷೆ ಇರಬೇಕೆಂದು, ಆಮೇಲೆ ಹೋಯಿತು. "ಏನಕ್ಕ, ನೀವೇ ಹೀಗೆ ಮಾಡಿದ್ರೆ? ಇದು ಮೇಲಿನವರಿಗೆ ಗೊತ್ತಾದ್ರೆ ನಿಮ್ಮ ಕೆಲಸ ಹೋಗುತ್ತೆ, ತಿಳೀತಾ?" ತಿಳಿದಿತ್ತು. ಬರುವ ದಾರಿಯಲ್ಲಿ ಹೆಜ್ಜೆ ಹೆಜ್ಜೆಗೂ ತಿಳಿದಿತ್ತು. "ಸರಿ, ಆಗಿದ್ದಾಯ್ತು. ನಮ್ಮಿಬ್ಬರಲ್ಲೇ ಇರ್ಲಿ. ನೀವು ಮಾತ್ರ ಕೆಲವು ದಿನ ಈ ಓಟಗೀಟ ಎಲ್ಲ ಬಿಟ್ಬಿಡಿ. ವಯಸ್ಸೂ ಆಯ್ತು, ಮನೆ ಇದೆ, ಕೆಲಸ ಇದೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು" ಎಂದ. ದನಿಯಲ್ಲಿ ಜೇನು ಸುರಿಯುತ್ತಿತ್ತು. ನಿನ್ನಿಷ್ಟಮ್ಮ ಅನ್ನುವವರ ದನಿಯೂ ಹೀಗೇ ಇರುತ್ತದೆ.

"ಓಟ ಬಿಡಲ್ಲ" ಎಂದಳು ಅವಳು. "ಮೇಷ್ಟ್ರ ಮನೆಗೂ ಹೋಗೋದು ಬಿಡಲ್ಲ. ಅವರನ್ನ ನಾಲ್ಕು ಮಹಡಿ ಇಳಿಸೋ ಹಾಗಿಲ್ಲ. ಕೆಲಸದ ಹೊತ್ತಲ್ಲಿ ಹೋಗ್ತೀನಿ, ಲ್ಯಾಬಿನ ಗಾಡೀಲಿ ಹೋಗ್ತೀನಿ, ಗಾಡೀಲೇ ಬರ್ತೀನಿ. ಕೆಲಸ ಶುರುವಾಗೋಕೆ ಮುಂಚಿನ ಹೊತ್ತು ನಂದು. ಆಗ ನನ್ನ ಸೊಂಟಕ್ಕೆ ಏನೂ ಕಟ್ಟಬೇಡಿ. ನೀವೂ ಕಟ್ಟಬೇಡಿ, ನನ್ನ ಮನೆಯವರೂ ಕಟ್ಟೋ ಹಾಗಿಲ್ಲ, ಅವರಿಗೆ ಸಂಜೆ ಹೇಳ್ತೀನಿ. ನಾನು ಮಾಡಿದ ತಪ್ಪನ್ನ ಮೇಲಿನವರಿಗೆ ನೀವು ಹೇಳೋದಾದ್ರೆ ಹೇಳಿ. ಆದ್ರೆ ಅದು ಮೇಷ್ಟ್ರ ನರದ ತಪ್ಪು ಅಂತ ಮಾತ್ರ ಇನ್ನೊಂದ್ಸಲ ಯಾರೂ ಅನ್ನಬಾರದು."

ಮ್ಯಾನೇಜರ್ ಎದ್ದು ನಿಂತ, ಅವಳ ಹಿಂದೆ ಅರ್ಧ ತೆರೆದೇ ಇದ್ದ ಬಾಗಿಲ ಕಡೆ ಕಣ್ಣು ಹಾಯಿಸಿದ. "ಅಕ್ಕ, ಅಕ್ಕ, ಮೆಲ್ಲಗೆ. ಹೊರಗೆ ಜನ ಕೂತಿದ್ದಾರೆ, ಎಲ್ಲ ಕೇಳಿಸ್ತಿದೆ."

"ಕೇಳಿಸ್ಲಿ" ಎಂದಳು. ಕೈ ಹಿಂದೆ ಮಾಡಿ ಬಾಗಿಲನ್ನು ಪೂರ್ತಿ ತೆರೆದಳು, ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದಳು.